ಹಳೆಯ ಆಟದ ಕಂಪ್ಯೂಟರಿನ ಜೀರ್ಣೋದ್ಧಾರ

ಕಾಫಿಯ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಬೀಜವು ಚೀಲ ಸೇರಿ, ಮೆಣಸಿನ ಲೆಕ್ಕವೂ ಕೈಗೆ ಬರುವ ಈ ದಿನಗಳಲ್ಲಿ ನಮ್ಮ ಸೀಮೆಯ ಮನೆಗಳಲ್ಲಿ ವರ್ಷದ ದೊಡ್ಡ ವೆಚ್ಚಗಳ ಮಾತು ಏಳುವುದು ವಾಡಿಕೆಯಷ್ಟೆ. ಹೆಂಚು ಬದಲಿಸುವುದೋ, ಪಂಪಿನ ದುರಸ್ತಿಯೋ, ಮಗಳ ಕಾಲೇಜಿನ ಶುಲ್ಕವೋ ಎಂದು ತೂಗಿ ನೋಡುವ ಆ ಪಟ್ಟಿಗೆ ಈಚೆಗೆ ಹೊಸದೊಂದು ಬಾಬು ಸೇರಿಕೊಂಡಿದೆ. ಅದು ಮಕ್ಕಳ ಆಟದ ಕಂಪ್ಯೂಟರು. ಎಂಟೊಂಬತ್ತು ವರ್ಷಗಳ ಕೆಳಗೆ ಕೊಂಡ ಯಂತ್ರವು ಹೊಸ ಆಟಗಳನ್ನು ಎಳೆಯಲಾರದಾಗಿದೆ. ಹೊಸದನ್ನು ಕೊಡಿಸಬೇಕೆಂದು ಮಗನ ಹಟ. ಇದ್ದುದೇ ಸಾಲದೆ ಎಂದು ತಂದೆಯ ಮುನಿಸು. ನಡುವೆ ತಾಯಿಯ ಸಂಕಟ. ಇಂತಹ ಯಂತ್ರವನ್ನು ಅಲ್ಪ ವ್ಯಯದಲ್ಲಿ ಜೀರ್ಣೋದ್ಧಾರ ಮಾಡುವ ಬಗೆಯನ್ನು ಈ ತಿಂಗಳು ಬರೆಯಬೇಕೆಂದಿದ್ದೇನೆ.

ಶಬ್ದರೂಪಾವಳಿ ಹೇಳಿಕೊಡುತ್ತಿದ್ದ ಮೇಷ್ಟರಿಗೆ ಈ ಉಸಾಬರಿ ಏಕೆಂದು ಕೇಳುವವರುಂಟು. ತೋಟದ ಮನೆಗಳಿಗೂ ಕಂಪ್ಯೂಟರಿಗೂ ಏನು ಸಂಬಂಧವೆಂದು ಕೇಳುವವರೂ ಉಂಟು. ಎರಡನೆಯವರಿಗೆ ಉತ್ತರ ಸುಲಭ: ೨೦೦೭ರಲ್ಲಿ ದಿವಂಗತರಾದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ವಾಸವಾಗಿದ್ದುಕೊಂಡೇ ಈ ಯಂತ್ರದಲ್ಲಿ ಕನ್ನಡವು ಚೆನ್ನಾಗಿ ನಡೆಯಬೇಕೆಂದು ಆಸ್ಥೆ ವಹಿಸಿದ್ದರು. ಮೊದಲನೆಯವರಿಗೆ ಹೇಳತಕ್ಕ ಉತ್ತರವಿಲ್ಲ; ನಿವೃತ್ತನಾದ ಮೇಲೆ ಯಂತ್ರಗಳ ಒಳಗನ್ನು ಬಿಚ್ಚಿ ನೋಡುವ ಚಪಲವೊಂದು ನನಗೆ ಅಂಟಿಕೊಂಡಿತು, ಅಷ್ಟೆ.

ಕಳಸದ ಹತ್ತಿರದ ತೋಟವೊಂದರಲ್ಲಿ ರೈಟರಾಗಿರುವ ಸದ್ಗೃಹಸ್ಥರೊಬ್ಬರ ಮಗನು ಬಿ.ಸಿ.ಎ. ಓದುತ್ತಿದ್ದಾನೆ. ಅವನ ಯಂತ್ರವು ೨೦೧೭ರಲ್ಲಿ ಕೊಂಡದ್ದು: ಇಂಟೆಲ್ ಐ-೫ ೭೪೦೦ ಎಂಬ ಪ್ರೊಸೆಸರು, ೮ ಜಿ.ಬಿ.ಯ ಒಂದೇ ರ್‍ಯಾಮ್ ಕಡ್ಡಿ, ೧ ಟಿ.ಬಿ. ಹಾರ್ಡ್ ಡಿಸ್ಕು, ಎನ್ವಿಡಿಯಾ ಕಂಪನಿಯ ಜಿ.ಟಿ.ಎಕ್ಸ್. ೧೦೫೦ ಟಿ.ಐ. ಎಂಬ ೪ ಜಿ.ಬಿ.ಯ ಗ್ರಾಫಿಕ್ಸ್ ಕಾರ್ಡು. ಹುಡುಗನು ಅದರಲ್ಲಿ ಬರಿದೆ ಆಡುವವನಲ್ಲ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಆಕೃತಿಗಳನ್ನು ರಚಿಸಿ, ತಾನೇ ಆಟ ಕಟ್ಟುವ ವಿದ್ಯೆಯನ್ನೂ ಕಲಿಯುತ್ತಿರುವನು. ಹೊಸ ಯಂತ್ರಕ್ಕೆ ಅವನು ಹಾಕಿದ್ದ ಪಟ್ಟಿ ೮೦,೦೦೦ ರೂಪಾಯಿಯದು. ಅವನ ತಂಗಿಯನ್ನು ಜೂನ್ ತಿಂಗಳಲ್ಲಿ ಕಾಲೇಜಿಗೆ ಸೇರಿಸಲೆಂದು ತಾಯಿಯು ಕಟ್ಟಿಕೊಂಡು ಬಂದಿದ್ದ ಚೀಟಿಯನ್ನು ಅವಧಿಗೆ ಮುಂಚೆಯೇ, ನಷ್ಟವಾದರೂ ಸರಿ, ಕೂಗಿ ಎತ್ತಿಬಿಡುವುದೆಂದು ಮನಸ್ಸು ಮಾಡಿದ್ದರು. “ಮೇಷ್ಟ್ರೆ, ಚೀಟಿಗೆ ಕೈ ಹಾಕದೆ ಆಗುವ ದಾರಿಯಿದ್ದರೆ ಹೇಳಿ. ಬೋನಸ್ಸಿನಲ್ಲಿ ೨೨,೦೦೦ ತೆಗೆದಿಟ್ಟಿದ್ದೇನೆ. ಅದರ ಮೇಲೆ ಒಂದು ಕಾಸೂ ಇಲ್ಲ” ಎಂದು ರೈಟರು ಹೇಳಿದರು. ಹುಡುಗನು ತಲೆ ತಗ್ಗಿಸಿ ಕುಳಿತಿದ್ದನು.

ನ್ಯಾಯಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ವಿಚಾರಕ್ರಮವೊಂದಿದೆ. ಯಾವುದಿದ್ದರೆ ಕಾರ್ಯವು ಇರುವುದೋ, ಯಾವುದಿಲ್ಲದಿದ್ದರೆ ಕಾರ್ಯವೂ ಇರದೋ, ಅದನ್ನೇ ಕಾರಣವೆಂದು ಗ್ರಹಿಸತಕ್ಕದ್ದು. ಯಂತ್ರವು ನಿಧಾನವಾಯಿತೆಂದ ಕೂಡಲೆ ಯಾವುದೋ ಒಂದು ಭಾಗವನ್ನು ಕೊಂಡುತರುವವರು ಈ ವಿಚಾರವನ್ನು ಬಿಟ್ಟವರು. ಪರೀಕ್ಷೆಗೆ ದುಡ್ಡು ಬೇಕಾಗಿಲ್ಲ. ಆಟ ನಡೆಯುತ್ತಿರುವಾಗಲೇ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು, ಪ್ರೊಸೆಸರು, ರ್‍ಯಾಮ್, ಡಿಸ್ಕು, ಕಾರ್ಡು ಇವುಗಳಲ್ಲಿ ಯಾವುದು ನೂರಕ್ಕೆ ನೂರು ದುಡಿಯುತ್ತಿದೆಯೆಂದು ನೋಡಬೇಕು. ಆಮೇಲೆ ಆಟದ ಚಿತ್ರದ ಅಳತೆಯನ್ನು ೧೯೨೦ × ೧೦೮೦ರಿಂದ ೧೨೮೦ × ೭೨೦ಕ್ಕೆ ಇಳಿಸಬೇಕು. ಹಾಗೆ ಇಳಿಸಿದಾಗ ಸೆಕೆಂಡಿಗೆ ಬರುವ ಫ್ರೇಮುಗಳ ಸಂಖ್ಯೆಯು ಹೆಚ್ಚಿದರೆ ಭಾರವು ಕಾರ್ಡಿನ ಮೇಲಿತ್ತೆಂದು ತಿಳಿಯಬೇಕು. ಹೆಚ್ಚದೆ ಇದ್ದಲ್ಲಿಯೇ ನಿಂತರೆ ಪ್ರೊಸೆಸರಿನ ಮೇಲೆ. ನಮ್ಮ ಹುಡುಗನ ಕಾಲ್ಚೆಂಡಿನ ಆಟದಲ್ಲಿ ಕಾರ್ಡು ಏದುಸಿರು ಬಿಡುತ್ತಿತ್ತು. ಊರೂರು ಅಲೆಯುವ ದೊಡ್ಡ ಆಟದಲ್ಲಾದರೋ, ರ್‍ಯಾಮ್ ತುಂಬಿ ತುಳುಕಿ, ಹಾರ್ಡ್ ಡಿಸ್ಕು ನೂರನ್ನು ಮುಟ್ಟಿ, ಪ್ರತಿಯೊಂದು ತಿರುವಿನಲ್ಲಿಯೂ ಚಿತ್ರವು ಕ್ಷಣಕಾಲ ನಿಂತುಬಿಡುತ್ತಿತ್ತು. ರೋಗ ಒಂದಲ್ಲ, ಎರಡು.

ಔಷಧಕ್ಕೆ ಮೊದಲು ಶುಚಿ. ಪೆಟ್ಟಿಗೆಯ ಬದಿಯನ್ನು ಬಿಚ್ಚಿದಾಗ ಜೇಡನ ಬಲೆ, ಎರಡು ಮಳೆಗಾಲದ ಧೂಳು, ಒಂದು ಮೂಲೆಯಲ್ಲಿ ಇರುವೆಗಳ ಸಂಸಾರ. ವಿದ್ಯುತ್ತಿನ ತಂತಿಯನ್ನು ಕಿತ್ತು, ಲೋಹವನ್ನು ಮುಟ್ಟಿ ಕೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಫ್ಯಾನಿನ ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರಿನಿಂದ ಊದಬೇಕು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಒಣಗಿ ಹೆಕ್ಕಳೆಯಾಗಿತ್ತು. ಅದನ್ನು ಒರೆಸಿ ಹೊಸದನ್ನು ಕಡಲೆಕಾಳಿನಷ್ಟು ಹಾಕಿದೆವು. ೯೦ ಡಿಗ್ರಿಗೆ ಏರುತ್ತಿದ್ದ ಶಾಖವು ೭೦ರ ಆಸುಪಾಸಿಗೆ ಇಳಿಯಿತು. ವೆಚ್ಚ ೩೦೦ ರೂಪಾಯಿ.

ಆಗ ಟಾರ್ಚು ಹಿಡಿದು ನಿಂತಿದ್ದವಳು ಹುಡುಗನ ತಂಗಿ. ಅಣ್ಣನ ಪಟ್ಟಿಯನ್ನು ಓದುತ್ತಿದ್ದವಳು ತಟ್ಟನೆ, “ಇವುಗಳಲ್ಲಿ ಯಾವುದು ಮುಂದೆ ಹೊಸ ಕಂಪ್ಯೂಟರಿಗೂ ಬರುತ್ತದೆ, ಮೇಷ್ಟ್ರೆ?” ಎಂದು ಕೇಳಿದಳು. ಇಡೀ ವ್ಯವಹಾರದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಎಸ್.ಎಸ್.ಡಿ. ಬರುತ್ತದೆ. ಪವರ್ ಸಪ್ಲೈ ಬರುತ್ತದೆ. ಗ್ರಾಫಿಕ್ಸ್ ಕಾರ್ಡು ಬರುತ್ತದೆ. ಡಿ.ಡಿ.ಆರ್.೪ ರ್‍ಯಾಮ್, ಮುಂದೆ ಕೊಳ್ಳುವ ಮದರ್‌ಬೋರ್ಡು ಅದೇ ಜಾತಿಯದಾದರೆ ಬರುತ್ತದೆ. ಹಳೆಯ ಬೋರ್ಡಿಗೆಂದೇ ಕೊಳ್ಳುವ ಹಳೆಯ ಪ್ರೊಸೆಸರು ಮಾತ್ರ ಬರುವುದಿಲ್ಲ. ಬಾಡಿಗೆಯ ಮನೆಗೆ ಕಪಾಟು ಕೊಂಡರೆ ಮನೆ ಬಿಡುವಾಗ ಹೊತ್ತುಕೊಂಡು ಹೋಗಬಹುದು. ಗೋಡೆಯಲ್ಲಿ ಗೂಡು ಕೊರೆಯಿಸಿದರೆ ಅದು ಮನೆಯವನ ಪಾಲು. ಆದಕಾರಣ ಹುಡುಗನು ಬಹಳ ಆಸೆಪಟ್ಟಿದ್ದ ಐ-೭ ೭೭೦೦ ಎಂಬ ಪ್ರೊಸೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಅವನ ಬೋರ್ಡಿಗೆ ಕೂಡುವ ಅತ್ಯುತ್ತಮ ಪ್ರೊಸೆಸರುಗಳಲ್ಲಿ ಅದೊಂದೆಂಬುದು ದಿಟ. ಆದರೆ ಅಲ್ಲಿಗೆ ದಾರಿ ಮುಗಿಯಿತು. ೨೦೧೭ರ ಅಕ್ಟೋಬರಿನಲ್ಲಿ ಬಂದ ಎಂಟನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರುಗಳಿಗೂ ೧೧೫೧ ಮೊನೆಗಳ ಕುಳಿಯೇ ಇದ್ದರೂ ಅವು ಹಿಂದಿನ ಬೋರ್ಡಿನಲ್ಲಿ ನಡೆಯುವುದಿಲ್ಲ. ಎ.ಎಂ.ಡಿ. ಕಂಪನಿಯ ಎ.ಎಂ.೪ ಬೋರ್ಡುಗಳನ್ನು ಇಟ್ಟುಕೊಂಡವರ ಅದೃಷ್ಟವೇ ಬೇರೆ. ಬಿ-೩೫೦, ಬಿ-೪೫೦ ಎಂಬ ಹಳೆಯ ಬೋರ್ಡುಗಳಲ್ಲಿ ಅನೇಕವು ಬಯಾಸನ್ನು ನವೀಕರಿಸಿದರೆ ರೈಜೆನ್ ೫ ೫೬೦೦ ಪ್ರೊಸೆಸರನ್ನು ಸ್ವೀಕರಿಸುತ್ತವೆ. ಅಂಥವರು ಮೊದಲು ತಮ್ಮ ಬೋರ್ಡಿನ ಹೆಸರನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿ ನೋಡತಕ್ಕದ್ದು.

ಹಾರ್ಡ್ ಡಿಸ್ಕಿನ ಸ್ಥಾನಕ್ಕೆ ೫೦೦ ಜಿ.ಬಿ.ಯ ಸಾಟಾ ಎಸ್.ಎಸ್.ಡಿ.ಯನ್ನು ೪,೨೦೦ಕ್ಕೆ ಕೊಂಡೆವು. ತಿರುಗುವ ತಟ್ಟೆಯ ಡಿಸ್ಕು ಸೆಕೆಂಡಿಗೆ ೧೫೦ ಎಂ.ಬಿ.ಯಷ್ಟು ಓದಿದರೆ ಇದು ೫೦೦ಕ್ಕೂ ಮೇಲೆ ಓದುತ್ತದೆ. ಅದಕ್ಕಿಂತ ಮುಖ್ಯವಾಗಿ, ಚದುರಿಬಿದ್ದ ಸಣ್ಣ ಸಣ್ಣ ಕಡತಗಳನ್ನು ಹುಡುಕಿ ತರುವಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಬೋರ್ಡಿನಲ್ಲಿ ಎನ್.ವಿ.ಎಂ.ಇ. ಎಸ್.ಎಸ್.ಡಿ.ಗೆ ಜಾಗವಿದ್ದವರು ಅದನ್ನೇ ಕೊಳ್ಳಲಿ. ಇವನ ಬೋರ್ಡಿನಲ್ಲಿ ಇರಲಿಲ್ಲ. ರ್‍ಯಾಮಿನ ವಿಷಯದಲ್ಲಿ ಕಾಲ ಕೆಟ್ಟಿತ್ತು. ೨೦೨೫ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಲೋಕದ ಮೆಮೊರಿಯನ್ನೆಲ್ಲ ಬಾಚಿಕೊಳ್ಳಲಾರಂಭಿಸಿ ಬೆಲೆಯು ಗಗನಕ್ಕೇರಿತು. ಮೈಕ್ರಾನ್ ಕಂಪನಿಯಂತೂ ಮನೆಬಳಕೆಯವರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಎಂಬ ವ್ಯಾಪಾರವನ್ನೇ ಮುಚ್ಚುವುದಾಗಿ ೨೦೨೫ರ ಡಿಸೆಂಬರಿನಲ್ಲಿ ಸಾರಿತು. ಎಲ್ಲಿಯೋ ಯಾರೋ ಯಂತ್ರಕ್ಕೆ ಮಾತು ಕಲಿಸಿದರೆ ಕಳಸದ ರೈಟರ ಮಗನಿಗೆ ಕಡ್ಡಿ ತುಟ್ಟಿಯಾಗುತ್ತದೆ! ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ೮ ಜಿ.ಬಿ. ಕಡ್ಡಿಯೊಂದು ೨,೮೦೦ಕ್ಕೆ ಸಿಕ್ಕಿತು. ಇದ್ದುದರ ವೇಗಕ್ಕೆ ಸಮನಾದುದನ್ನೇ ಆರಿಸಿ, ಬೋರ್ಡಿನ ಎರಡು ಚಾನೆಲುಗಳಲ್ಲಿ ಒಂದೊಂದು ಕಡ್ಡಿ ಬರುವಂತೆ ಕೂಡಿಸಬೇಕು. ಒಂಟಿ ಕಡ್ಡಿಗಿಂತ ಜೋಡಿ ಕಡ್ಡಿಯು ಒಟ್ಟು ಪ್ರಮಾಣದಿಂದ ಮಾತ್ರವಲ್ಲ, ಸಾಗಣೆಯ ವೇಗದಿಂದಲೂ ಮೇಲು. ತಿರುವುಗಳಲ್ಲಿ ಚಿತ್ರ ನಿಲ್ಲುವ ರೋಗವು ಇವೆರಡರಿಂದಲೇ ಹೋಯಿತು.

ಇನ್ನು ಕಾರ್ಡು ತರಬೇಕೆಂದು ಹುಡುಗನಿಗೆ ಆತುರ. ನಾನು ತಡೆದೆ. ಬಯಲುಸೀಮೆಯ ಪಟ್ಟಣದಲ್ಲಿ ಕುಳಿತು ಸಲಹೆ ಹೇಳುವವರು ಗಣನೆಗೆ ತಾರದ ಎರಡು ಸಂಗತಿಗಳು ನಮ್ಮ ಮಲೆನಾಡಿನಲ್ಲಿವೆ: ಸಿಡಿಲು ಮತ್ತು ಶೀತ. ಹೂಮಳೆಯ ದಿನಗಳಿಂದ ಮುಂಗಾರು ಕೂಡುವವರೆಗೆ ಮಧ್ಯಾಹ್ನ ಮೇಲೆ ಗುಡುಗದ ದಿನ ಕಡಿಮೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ವಿದ್ಯುತ್ತು ಹೋಗುವುದೂ, ಬಂದಾಗ ಏರುಪೇರಾಗಿ ಬರುವುದೂ ಎಲ್ಲರಿಗೂ ತಿಳಿದದ್ದೇ. ಹೀಗಿರುವಲ್ಲಿ, ಪೆಟ್ಟಿಗೆಯೊಂದಿಗೆ ಪುಕ್ಕಟೆಯೆಂಬಂತೆ ಬಂದಿದ್ದ ಹೆಸರಿಲ್ಲದ ಪವರ್ ಸಪ್ಲೈಗೆ ಬೆಲೆಬಾಳುವ ಕಾರ್ಡನ್ನು ತಗುಲಿಸುವುದು ಮುರುಕು ದೋಣಿಗೆ ಮೂಟೆ ಹೇರಿದಂತೆ. ೮೦ ಪ್ಲಸ್ ಗುರುತಿನ ೫೫೦ ವಾಟಿನ ಒಂದನ್ನು ೪,೦೦೦ಕ್ಕೆ ತಂದೆವು. ಸತ್ತು ಮೂಲೆ ಸೇರಿದ್ದ ೬೦೦ ವಿ.ಎ. ಯು.ಪಿ.ಎಸ್.ಗೆ ೧,೧೦೦ಕ್ಕೆ ಹೊಸ ಬ್ಯಾಟರಿ ಹಾಕಿಸಿದೆವು. ಅದು ಆಟವನ್ನು ಮುಂದುವರಿಸಲಿಕ್ಕಲ್ಲ, ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಆರಿಸಲಿಕ್ಕೆ. ಮನೆಯ ಇನ್‌ವರ್ಟರಿನಿಂದಲೇ ನಡೆಸುವವರು ಅದು ಸೈನ್ ವೇವ್ ಜಾತಿಯದೆಂದು ಖಚಿತಪಡಿಸಿಕೊಳ್ಳಬೇಕು. ಸ್ಕ್ವೇರ್ ವೇವ್ ಇನ್‌ವರ್ಟರಿನೊಂದಿಗೆ ಹೊಸ ಪವರ್ ಸಪ್ಲೈಗಳು ಕೆಲವೊಮ್ಮೆ ಹೊಂದಿಕೊಳ್ಳುವುದಿಲ್ಲ. ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯುವುದನ್ನು ಮರೆಯಬಾರದು. ಗುಡುಗು ಕೇಳಿದೊಡನೆ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ಗಾಜಿನ ನಾರಿನೊಳಗಿಂದ ಸಿಡಿಲು ಬಾರದು; ಆದರೆ ರೌಟರಿನ ವಿದ್ಯುತ್ತಿನ ತಂತಿಯಿಂದ ಬಂದು, ಅಲ್ಲಿಂದ ತಾಮ್ರದ ನೆಟ್‌ವರ್ಕ್ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿದೀತು. ಆದುದರಿಂದ ಅದನ್ನೂ ಕೀಳತಕ್ಕದ್ದು. ಶೀತಕ್ಕೆ ಮದ್ದು ಬಳಕೆಯೇ: ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಯಂತ್ರವು ನಡೆದು ಬೆಚ್ಚಗಾಗಬೇಕು. ಬೆಚ್ಚಗಿರಲೆಂದು ಒಲೆಯ ಬಳಿ ಇಟ್ಟವರೂ ಇದ್ದಾರೆ. ಹೊಗೆಯ ಜಿಡ್ಡು ಫ್ಯಾನಿಗೆ ಹಿಡಿಯಿತೆಂದರೆ ಬ್ಲೋವರಿಗೂ ಬಗ್ಗುವುದಿಲ್ಲ.

ಇಷ್ಟಾದ ಮೇಲೆ ಕಾರ್ಡು. ಹಳೆಯದರ ಆಯುಸ್ಸು ಹೇಗೂ ಮುಗಿಯುತ್ತ ಬಂದಿತ್ತು. ಆ ಪೀಳಿಗೆಗೆ ಹೊಸ ಆಟಗಳಿಗೆಂದು ಡ್ರೈವರು ಸಿದ್ಧಪಡಿಸುವುದನ್ನು ಎನ್ವಿಡಿಯಾ ೨೦೨೫ರ ಅಕ್ಟೋಬರಿಗೆ ನಿಲ್ಲಿಸಿ, ೨೦೨೮ರವರೆಗೆ ರಕ್ಷಣೆಯ ತಿದ್ದುಪಡಿಗಳನ್ನಷ್ಟೇ ಕೊಡುವುದಾಗಿ ತಿಳಿಸಿದೆ. ಅದನ್ನು ಚಿಕ್ಕಮಗಳೂರಿನ ವಿದ್ಯಾರ್ಥಿಯೊಬ್ಬನಿಗೆ ಈ ಸಂಗತಿಯನ್ನು ತಿಳಿಸಿಯೇ ೩,೫೦೦ಕ್ಕೆ ಮಾರಿದೆವು. ಪ್ರೊಸೆಸರಿನೊಳಗೇ ಸಾಧಾರಣ ಚಿತ್ರಶಕ್ತಿಯಿರುವುದರಿಂದ ಹದಿನೈದು ದಿನ ಯಂತ್ರವು ಕಾರ್ಡಿಲ್ಲದೆಯೂ ಪಾಠಕ್ಕೆ ಒದಗಿತು. ಬಳಿಕ ಬಳಸಿದ ಆರ್.ಎಕ್ಸ್. ೬೬೦೦ ಎಂಬ ೮ ಜಿ.ಬಿ.ಯ ಕಾರ್ಡನ್ನು ೧೨,೫೦೦ಕ್ಕೆ ತಂದೆವು. ೨೦೨೧ರಲ್ಲಿ ಬಂದ ಈ ಕಾರ್ಡು ೧೩೨ ವಾಟಿನಲ್ಲಿ ನಡೆಯತಕ್ಕದ್ದು. ಒಂದೇ ತಂತಿ ಸಾಕು. ಇದಕ್ಕಿಂತ ಅಗ್ಗವಾದ ಆರ್.ಎಕ್ಸ್. ೬೫೦೦ ಎಕ್ಸ್.ಟಿ. ಎಂಬುದನ್ನು ಹಳೆಯ ಬೋರ್ಡಿನವರು ಕೊಳ್ಳಬಾರದು; ಅದು ನಾಲ್ಕೇ ದಾರಿಗಳಲ್ಲಿ ಬೋರ್ಡಿನೊಂದಿಗೆ ವ್ಯವಹರಿಸುವುದರಿಂದ ಹಳೆಯ ಕುಳಿಯಲ್ಲಿ ಸೊರಗುತ್ತದೆ.

ಬಳಸಿದ ಕಾರ್ಡಿಗೆ ಪೂರ್ವಾಶ್ರಮವಿರುತ್ತದೆ. ೨೦೨೨ರ ಸೆಪ್ಟೆಂಬರಿನವರೆಗೆ ಎಥೀರಿಯಮ್ ಎಂಬ ನಾಣ್ಯವನ್ನು ಗಣಿಸಲು ಇಂಥವುಗಳನ್ನು ಹಗಲಿರುಳು ದುಡಿಸಿದ್ದುಂಟು. ಆದ್ದರಿಂದ ಎದುರಿಗೇ ಅರ್ಧ ಗಂಟೆ ಆಟ ನಡೆಸಿ, ಶಾಖವನ್ನೂ ಫ್ಯಾನಿನ ಸದ್ದನ್ನೂ ನೋಡಿ, ಬಿಲ್ಲು ಮತ್ತು ಉಳಿದ ವಾರಂಟಿಯನ್ನು ಕೇಳಿ, ಪೆಟ್ಟಿಗೆಯೊಳಗೆ ಅದರ ಉದ್ದ ಹಿಡಿಸುವುದೇ ಎಂದು ಮೊದಲೇ ಅಳೆದು ಕೊಳ್ಳಬೇಕು. ಅಂಚೆಯಲ್ಲಿ ತರಿಸುವವರು ಮಳೆಗಾಲಕ್ಕೆ ಮುಂಚೆ ತರಿಸಲಿ. ಹೆಬ್ಬಾಳೆಯ ಸೇತುವೆ ಭದ್ರೆಯಲ್ಲಿ ಮುಳುಗಿದಾಗ, ಹಿಂದಿರುಗಿಸುವ ಅವಧಿ ಮುಗಿದ ಮೇಲೆ ಪಾರ್ಸೆಲು ಮನೆ ಮುಟ್ಟಿದರೆ ಫಲವೇನು?

ಒಟ್ಟು ವೆಚ್ಚ ೨೪,೯೦೦. ಹಳೆಯ ಕಾರ್ಡಿನ ೩,೫೦೦ ಕಳೆದರೆ ೨೧,೪೦೦. ಚೀಟಿ ತನ್ನ ಕಂತಿನಂತೆ ನಡೆಯುತ್ತಿದೆ. ಈಗ ಕೆಲವು ಆಟಗಳಲ್ಲಿ ಪ್ರೊಸೆಸರೇ ಹಿಂದೆ ಬೀಳುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ. ಅದರ ನಾಲ್ಕು ಕೋರುಗಳು ಇಂದಿನ ಆಟಗಳಿಗೆ ಸಾಲವು. ಸೆಕೆಂಡಿಗೆ ೬೦ ಫ್ರೇಮಿಗೆ ಮಿತಿಯಿಟ್ಟುಕೊಂಡರೆ ಸಹಿಸುವಂತಿದೆ, ಬ್ಲೆಂಡರಿನ ಕೆಲಸವೂ ಹಿಂದಿಗಿಂತ ಬೇಗ ಮುಗಿಯುತ್ತಿದೆ.

ವಿಂಡೋಸಿನ ತೊಡಕೊಂದು ಉಳಿದಿದೆ. ವಿಂಡೋಸ್ ೧೦ಕ್ಕೆ ಕಂಪನಿಯ ಆಸರೆ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ರಕ್ಷಣೆಯ ತಿದ್ದುಪಡಿಗಳನ್ನು ೨೦೨೬ರ ಅಕ್ಟೋಬರ್ ೧೩ರವರೆಗೆ ಎಂದು ಗೊತ್ತುಮಾಡಿದರು. ಏಳನೆಯ ಪೀಳಿಗೆಯ ಈ ಪ್ರೊಸೆಸರು ವಿಂಡೋಸ್ ೧೧ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಷ್ಟರ ಮಟ್ಟಿಗೆ ಲಿನಕ್ಸೇ ಗತಿ. ೨೦೧೮ರಿಂದ ಬಂದ ಪ್ರೋಟಾನ್ ಎಂಬ ಉಪಾಯದಿಂದ ವಿಂಡೋಸಿನ ಬಹಳ ಆಟಗಳು ಅದರಲ್ಲಿ ನಡೆಯುತ್ತವೆ. ವ್ಯಾಲರಂಟಿನಂತಹ ಕೆಲವು ನಡೆಯುವುದಿಲ್ಲ. ಹುಡುಗನು ಈಗಾಗಲೇ ಅದನ್ನು ಪಕ್ಕದಲ್ಲಿ ಸ್ಥಾಪಿಸಿಕೊಂಡು ಕಲಿಯುತ್ತಿದ್ದಾನೆ. ಹಳೆಯ ಹಾರ್ಡ್ ಡಿಸ್ಕನ್ನು ಎಸೆಯದೆ ಆಟದ ದೊಡ್ಡ ಕಡತಗಳ ಪ್ರತಿಯನ್ನಿಡಲು ಉಳಿಸಿಕೊಂಡಿದ್ದಾನೆ. ತೋಟದ ಇಂಟರ್ನೆಟ್ಟಿನಲ್ಲಿ ೧೦೦ ಜಿ.ಬಿ.ಯ ಆಟವನ್ನು ಮತ್ತೊಮ್ಮೆ ಇಳಿಸುವುದೆಂದರೆ ವಾರದ ಮಾತು. ಯು.ಪಿ.ಎಸ್.ನ ಸತ್ತ ಬ್ಯಾಟರಿಯನ್ನು ಹಿತ್ತಲಿಗೆ ಎಸೆಯದೆ ಹೊಸದನ್ನು ಕೊಂಡ ಅಂಗಡಿಯಲ್ಲಿಯೇ ಕೊಟ್ಟರೆ ಒಳಗಿನ ಸೀಸಕ್ಕೆ ಒಂದಿಷ್ಟು ಬೆಲೆಯನ್ನು ವಜಾ ಮಾಡುತ್ತಾರೆ, ಕೇಳಿ ಪಡೆಯತಕ್ಕದ್ದು.