ಗುಣಮುಖರ ಪಟ್ಟಿಯಲ್ಲಿ ಗುಣವಾಗದವರು

ನಮ್ಮ ಓಣಿಯ ಆಶಾ ಕಾರ್ಯಕರ್ತೆಗೆ 2021ರ ಮೇ ತಿಂಗಳಲ್ಲಿ ಕೋವಿಡ್ ಬಂತು. ಆಸ್ಪತ್ರೆಗೆ ಸೇರಲಿಲ್ಲ, ಹಿತ್ತಲ ಕೋಣೆಯಲ್ಲೇ ದಿನ ಕಳೆದರು. ಸರ್ಕಾರದ ಲೆಕ್ಕದಲ್ಲಿ ಅವರು ‘ಗುಣಮುಖ’. ಇವತ್ತಿಗೂ ಅರ್ಧ ಓಣಿ ಮುಗಿಸುವಷ್ಟರಲ್ಲಿ ಯಾರದಾದರೂ ಮನೆಯ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಒಗ್ಗರಣೆ ಸೀದದ್ದು ಅವರಿಗೆ ಗೊತ್ತಾಗುವುದು ಹೊಗೆ ಕಣ್ಣಿಗೆ ಕಂಡಾಗ. ಮೂಗು ಏನನ್ನೂ ಹೇಳುವುದಿಲ್ಲ. “ಯಾರ ಮನಿಗೆ ಯಾಕ ಬಂದೆ ಅನ್ನೂದ ಮರತ ಹೋಗತೈತ್ರಿ” ಎನ್ನುತ್ತಾರೆ. ಒಬ್ಬ ವೈದ್ಯರು ಗ್ಯಾಸ್ ಎಂದರು. ಇನ್ನೊಬ್ಬರು ಟೆನ್ಷನ್ ಎಂದು ಬಿ12 ಮಾತ್ರೆ ಬರೆದುಕೊಟ್ಟರು.

ಇಂಥವರು ಎಷ್ಟು ಮಂದಿ ಎಂದು ಕೇಳಿದರೆ ಸಾಕು, ಜಗಳ ಶುರು. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ದೀರ್ಘ ಕೋವಿಡ್ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ ಈಗ ಸುಮಾರು ಆರು ಎನ್ನುತ್ತದೆ. ಇದನ್ನೇ ಹಿಡಿದು ಎಲ್ಲವೂ ಉತ್ಪ್ರೇಕ್ಷೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಕೋವಿಡ್ ಬಾರದವರ ಜೊತೆ ಹೋಲಿಸಿ ನೋಡದ ಅಧ್ಯಯನಗಳು ಸಂಖ್ಯೆಯನ್ನು ಉಬ್ಬಿಸಿದ್ದು ನಿಜ. ಹಾಗಾದರೆ ಆರೂ ಬೇಡ, ನೂರಕ್ಕೊಬ್ಬರೆಂದೇ ಹಿಡಿಯೋಣ. ಕರ್ನಾಟಕದಲ್ಲಿ ದಾಖಲಾದ ಸೋಂಕು 40 ಲಕ್ಷ. ನೂರಕ್ಕೊಬ್ಬರೆಂದರೂ 40 ಸಾವಿರ ಜನ. ರಾಜ್ಯ ಒಪ್ಪಿಕೊಂಡ ಕೋವಿಡ್ ಸಾವುಗಳೂ ಹೆಚ್ಚುಕಡಿಮೆ ಅಷ್ಟೇ. ಸತ್ತವರ ಲೆಕ್ಕ ದಿನಾ ಸಂಜೆ ಟಿವಿಯಲ್ಲಿ ಬರುತ್ತಿತ್ತು. ಇವರದು ಒಂದು ದಿನವೂ ಬರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಣಿಸಲಿಲ್ಲವೇ? ಎಣಿಸಿತು. 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಮಂದಿಯನ್ನು ಫೋನಿನಲ್ಲಿ ವಿಚಾರಿಸಿ, ವರ್ಷದೊಳಗೆ ಶೇ. 6.5ರಷ್ಟು ಜನ ತೀರಿಕೊಂಡರೆಂದು 2023ರಲ್ಲಿ ಹೇಳಿತು. ಕೋವಿಡೋತ್ತರ ತೊಂದರೆ ಹೇಳಿಕೊಂಡವರು ಶೇ. 17.1. ಸೋಂಕಿಗೆ ಮೊದಲೇ ಲಸಿಕೆ ಪಡೆದವರಲ್ಲಿ ಸಾವು ಕಡಿಮೆಯಿತ್ತು. ಎಲ್ಲ ಕಾಯಿಲೆಯನ್ನೂ ಲಸಿಕೆಯ ತಲೆಗೆ ಕಟ್ಟುವವರು ಇದನ್ನು ಗಮನಿಸಬೇಕು. ಆದರೆ ಆ ಲೆಕ್ಕದಲ್ಲಿದ್ದವರೆಲ್ಲ ಆಸ್ಪತ್ರೆಯಲ್ಲಿ ಮಲಗಿದ್ದವರು. ಮನೆಯಲ್ಲೇ ಮಲಗಿ ಎದ್ದವರೇ ಬಹುಪಾಲು, ಅವರನ್ನು ಆ ಲೆಕ್ಕ ಕೇಳಲೇ ಇಲ್ಲ.

ಬ್ರಿಟನ್ನಿನ ಅಂಕಿಅಂಶ ಕಚೇರಿ ಮನೆಗಳನ್ನು ಆಯ್ದು ನೇರವಾಗಿ ಜನರನ್ನೇ ಕೇಳಿತು. 2023ರ ಮಾರ್ಚ್ ಹೊತ್ತಿಗೆ ತಮಗೆ ದೀರ್ಘ ಕೋವಿಡ್ ಇದೆ ಎನ್ನುವವರು ಅಲ್ಲಿ 19 ಲಕ್ಷ ಮಂದಿ ಎಂದು ಅಂದಾಜಿಸಿತು. ಪ್ರಮಾಣ ಹೆಚ್ಚಿದ್ದದ್ದು 35ರಿಂದ 69 ವಯಸ್ಸಿನವರಲ್ಲಿ, ಹೆಂಗಸರಲ್ಲಿ, ಬಡ ಪ್ರದೇಶಗಳಲ್ಲಿ. ನಮ್ಮಲ್ಲಿ ಆಸ್ಪತ್ರೆಯ ಮೆಟ್ಟಿಲು ಕೊನೆಗೆ ಹತ್ತುವವರು ಇವರೇ. ಅವರ ಸುಸ್ತಿಗೆ ಉತ್ತರವೂ ಸಿದ್ಧವಿರುತ್ತದೆ: ರಕ್ತ ಕಡಿಮೆ, ಥೈರಾಯ್ಡ್, ಮುಟ್ಟು ನಿಲ್ಲುವ ವಯಸ್ಸು. ಇರಬಹುದು. ಪರೀಕ್ಷೆ ಮಾಡಿ ಹೇಳಿ. ಪರೀಕ್ಷೆಯನ್ನೇ ಮಾಡದೆ ಹೆಸರಿಟ್ಟು ಕಳಿಸುವುದನ್ನು ವೈದ್ಯವೆಂದು ನಾನು ಒಪ್ಪಲಾರೆ.

ಆ ಆಶಾ ಕಾರ್ಯಕರ್ತೆ ಮನೆಮನೆಗೆ ಒಯ್ಯುವ ಫಾರಂ ನೋಡಿದ್ದೇನೆ. ತಂಬಾಕು ಉಂಟೇ, ಎರಡು ವಾರ ಮೀರಿದ ಕೆಮ್ಮು ಉಂಟೇ, ಎಲ್ಲ ಕೇಳುತ್ತದೆ. ಕೋವಿಡ್ ಬಂದು ಮೂರು ತಿಂಗಳಾದ ಮೇಲೂ, ಮೊದಲಿರದ ತೊಂದರೆ ಏನಾದರೂ ಉಳಿದಿದೆಯೇ ಎಂಬ ಒಂದು ಸಾಲನ್ನು ಆರೋಗ್ಯ ಇಲಾಖೆ ಅದಕ್ಕೆ ಸೇರಿಸಲಿ. ಮೊದಲ ಫಾರಂ ಅವರು ತಮ್ಮ ಹೆಸರಿನಲ್ಲೇ ತುಂಬಬಹುದು.