ಗುಜರಿ ಅಂಗಡಿಯ ಮಾರುತ್

ಸ್ಕೇಲ್ ಮಾಡೆಲಿಂಗ್ ದುಡ್ಡಿದ್ದವರ ಹವ್ಯಾಸ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವವರಲ್ಲಿ ಎರಡು ಥರದವರಿದ್ದಾರೆ. ಒಂದು, ಅಂಗಡಿಯ ಗಾಜಿನ ಕಪಾಟಿನಲ್ಲಿ ಕಿಟ್ಟಿನ ಬೆಲೆ ನೋಡಿ ಹೌಹಾರಿದವರು. ಅವರ ತಪ್ಪೇನಿಲ್ಲ ಬಿಡಿ. ಇನ್ನೊಂದು, ಈ ಹವ್ಯಾಸದ ಒಳಗೇ ಇದ್ದುಕೊಂಡು "ಏರ್‌ಬ್ರಷ್ ಇಲ್ಲದೆ, ಆ ಕಂಪನಿಯ ಪುಟ್ಟಿ ಇಲ್ಲದೆ, ಈ ಕಂಪನಿಯ ಚಾಕು ಇಲ್ಲದೆ ಶುರು ಮಾಡಲೇಬೇಡಿ" ಅಂತ ಹೊಸಬರಿಗೆ ಉಪದೇಶ ಮಾಡುವವರು. ನನ್ನ ಜಗಳ ಇರುವುದು ಈ ಎರಡನೆಯವರ ಜೊತೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಿಜವಾದ ವಿಮಾನ, ಟ್ಯಾಂಕು, ಹಡಗುಗಳನ್ನು ಒಂದು ಖಚಿತ ಪ್ರಮಾಣದಲ್ಲಿ ಚಿಕ್ಕದು ಮಾಡಿ ಕಟ್ಟುವುದೇ ಸ್ಕೇಲ್ ಮಾಡೆಲಿಂಗ್. 1:72 ಅಂದರೆ ಆರಡಿಯ ಮನುಷ್ಯ ಒಂದು ಇಂಚಿಗೆ ಇಳಿಯುತ್ತಾನೆ. ಕಿಟ್ಟಿನಲ್ಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೂರುಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕತ್ತರಿಸು, ಅಂಟಿಸು, ಉಜ್ಜು, ಬಣ್ಣ ಹಚ್ಚು. ಅಷ್ಟೇ ನೋಡಿ, ಉಳಿದದ್ದೆಲ್ಲ ತಾಳ್ಮೆ :-)

ಇದು ಶುರುವಾದದ್ದು ಶ್ರೀಮಂತರ ಹವ್ಯಾಸವಾಗಿ ಅಲ್ಲವೇ ಅಲ್ಲ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1952ರಲ್ಲಿ ಗೋಲ್ಡನ್ ಹೈಂಡ್ ಹಡಗಿನ ಕಿಟ್ಟನ್ನು ಡಬ್ಬಿ ಕೂಡ ಇಲ್ಲದೆ, ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ವೂಲ್‌ವರ್ಥ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಮಾರಿತು. ಹುಡುಗರು ಪಾಕೆಟ್ ಮನಿಯಲ್ಲಿ ಕೊಳ್ಳಲಿ ಅಂತಲೇ ಆ ಬೆಲೆ. ನಮ್ಮಲ್ಲಿ ಕಥೆ ಬೇರೆ. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗಳು ಬೊಂಬೆ, ತ್ರಿಚಕ್ರ ಸೈಕಲ್ಲುಗಳ ಜೊತೆ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಆಟಿಕೆಗಳ ಮೂಲ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ದೇಶದ ಆಟಿಕೆ ಮಾಡುವವರನ್ನು ಉಳಿಸಬೇಕು ಅನ್ನುವುದು ಸರಿ, ಒಪ್ಪೋಣ. ಆದರೆ ಚನ್ನಪಟ್ಟಣದ ಬೊಂಬೆಗೂ 1:48ರ ಸುಖೋಯ್ ಕಿಟ್ಟಿಗೂ ಎಂಥ ಪೈಪೋಟಿ ಸ್ವಾಮಿ?

ಇರಲಿ, ಸುಂಕ ನಮ್ಮ ಕೈಲಿಲ್ಲ. ನಮ್ಮ ಕೈಲಿರುವುದು ಕಿಟ್ಟಿನ ಹೊರಗಿನ ಖರ್ಚು. ಹಾಸನದಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ಸೋದರತ್ತೆಯ ಮಗ ಶುರು ಮಾಡಲು ಏನೇನು ಬೇಕು ಅಂತ ಯಾರನ್ನೋ ಕೇಳಿ ಒಂದು ಪಟ್ಟಿ ತಂದಿದ್ದ. ಚಾಕು, ಬ್ಲೇಡು, ಪುಟ್ಟಿ, ಮರಳು ಕಾಗದ, ಪ್ಲಾಸ್ಟಿಕ್ ಹಾಳೆ, ಹಿತ್ತಾಳೆ ಕೊಳವೆ, ತೆಳು ತಂತಿ... ಎಲ್ಲದರ ಹಿಂದೆಯೂ "ಹಾಬಿ" ಅನ್ನುವ ವಿಶೇಷಣ. ಒಟ್ಟು ಏಳು ಸಾವಿರ ದಾಟುತ್ತಿತ್ತು, ಅದರಲ್ಲಿ ಕಿಟ್ಟೇ ಇರಲಿಲ್ಲ! ಆ ಹುಡುಗ ಪಟ್ಟಿ ನೋಡಿ ಸುಮ್ಮನಾಗಿಬಿಟ್ಟಿದ್ದ. ನನಗೆ ಸಿಟ್ಟು ಬಂದದ್ದು ಅಲ್ಲಿ.

ನನ್ನ ವಾದ ಇಷ್ಟು. ವಸ್ತುವನ್ನು ಕೊಳ್ಳಿ, ಅದರ ಮೇಲೆ ಅಂಟಿಸಿದ ಚೀಟಿಯನ್ನು ಕೊಳ್ಳಬೇಡಿ. ಚಾಕು ಬೇಕೇ? ಸರ್ಜಿಕಲ್ ಸಾಮಾನಿನ ಅಂಗಡಿಗೆ ಹೋಗಿ 3 ನಂಬರ್ ಹಿಡಿ, 11 ನಂಬರ್ ಬ್ಲೇಡು ಅಂತ ಕೇಳಿ. ಆಪರೇಷನ್ ಥಿಯೇಟರಿನಲ್ಲಿ ಮನುಷ್ಯರ ಚರ್ಮ ಕೊಯ್ಯುವ ಬ್ಲೇಡು ಅದು, ಪ್ಲಾಸ್ಟಿಕ್ ಕೊಯ್ಯದೇ ಇರುತ್ತದೆಯೇ? ಪುಟ್ಟಿ ಬೇಕೇ? ಜೆ.ಸಿ. ರಸ್ತೆಯಲ್ಲಿ ಕಾರಿನ ಬಣ್ಣದ ಸಾಮಾನು ಮಾರುವವರ ಹತ್ತಿರ ಎನ್‌ಸಿ ಪುಟ್ಟಿ ಸಿಗುತ್ತದೆ. ಕಾರಿನ ಮೇಲಿನ ಗೀರು ಮುಚ್ಚುವ ಅದೇ ಪುಟ್ಟಿ ವಿಮಾನದ ರೆಕ್ಕೆಯ ಸಂದನ್ನೂ ಮುಚ್ಚುತ್ತದೆ (ತೆಳುವಾಗಿ ಹಚ್ಚಿ, ಅದರೊಳಗಿನ ಥಿನ್ನರ್ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸುತ್ತದೆ). ಅದೇ ಅಂಗಡಿಯಲ್ಲಿ 400ರಿಂದ 2000ದವರೆಗೆ ನೀರು ಕಾಗದವೂ ಉಂಟು. ಮಾಡೆಲಿಂಗ್ ಅಂಗಡಿಯಲ್ಲಿ ಬೆರಳಗಲದ ಚೂರುಗಳಾಗಿ ಕತ್ತರಿಸಿ ಪೊಟ್ಟಣ ಕಟ್ಟಿ ಮಾರುವುದೂ ಇದನ್ನೇ.

ಪ್ಲಾಸ್ಟಿಕ್ ಹಾಳೆಯ ವಿಷಯ ಇನ್ನೂ ಮಜಾ. ಸೊನ್ನೆಯಿಂದ ಭಾಗಗಳನ್ನು ಕಟ್ಟಲು ಪಾಲಿಸ್ಟೈರೀನ್ ಹಾಳೆ ಬೇಕು. ಅಮೆರಿಕದಿಂದ ಬರುವ ಪೊಟ್ಟಣದಲ್ಲಿ ಅಂಗೈಯಗಲದ ಎರಡು ಮೂರು ಹಾಳೆ ಇರುತ್ತವೆ. ಬೋರ್ಡ್ ಬರೆಯುವವರಿಗೆ ಸಾಮಾನು ಪೂರೈಸುವ ಅಂಗಡಿಯಲ್ಲಿ ಹಿಪ್ಸ್ ಶೀಟ್ ಅಂತ ಕೇಳಿ ನೋಡಿ. ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್, ಅದೇ ಪ್ಲಾಸ್ಟಿಕ್, ಚಾಪೆಯಗಲ. ಅದೂ ಬೇಡವೆಂದರೆ ತಳದಲ್ಲಿ ತ್ರಿಕೋನದೊಳಗೆ 6 ಅಂತ ಅಚ್ಚಾಗಿರುವ ಮೊಸರಿನ ಕಪ್ಪುಗಳನ್ನು ತೊಳೆದಿಟ್ಟುಕೊಳ್ಳಿ. ಹಳೆಯ ಸಿಡಿ ಡಬ್ಬಿಯೂ ಪಾಲಿಸ್ಟೈರೀನೇ. ಪಾರದರ್ಶಕ ಮುಚ್ಚಳ ಗಾಜಿನಂತೆ ಸಿಡಿಯುತ್ತದೆ, ಹಾಗಾಗಿ ಚಪ್ಪಟೆ ಕಿಟಕಿಗಳಿಗೆ ಮಾತ್ರ ಲಾಯಕ್ಕು.

ಇಲ್ಲಿ ಒಂದು ತೊಡಕಿದೆ. ಗುಜರಿಯಲ್ಲಿ ಸಿಕ್ಕ ಪ್ಲಾಸ್ಟಿಕ್ಕೆಲ್ಲ ಒಂದೇ ಅಲ್ಲ. ಹಳೆಯ ಎಟಿಎಂ ಕಾರ್ಡನ್ನು ಕತ್ತರಿಸಿ ಬಳಸಿ ಅಂತ ಬಹಳ ಜನ ಹೇಳುತ್ತಾರೆ. ಕಾರ್ಡು ಸಾಮಾನ್ಯವಾಗಿ ಪಿವಿಸಿ. ಪಾಲಿಸ್ಟೈರೀನ್ ಅಂಟು ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಸಾಲದ್ದಕ್ಕೆ ಅದರ ದಪ್ಪ 0.76 ಮಿ.ಮೀ. 1:72ರಲ್ಲಿ ಅದು ಐದೂವರೆ ಸೆಂಟಿಮೀಟರ್! ಅಷ್ಟು ದಪ್ಪ ತಗಡಿನಲ್ಲಿ ವಿಮಾನ ಮಾಡಿದರೆ ಅದು ಹಾರುವುದಿಲ್ಲ, ಯುದ್ಧಕ್ಕೆ ಟ್ಯಾಂಕಾಗಿ ಹೋಗಬಹುದು.

ಯಾವ ಪ್ಲಾಸ್ಟಿಕ್ ಅಂತ ಗುರುತಿಸಲು ಅಡುಗೆಮನೆಯ ಉಪ್ಪು ಸಾಕು. ಒಂದು ಲೋಟ ಬರೀ ನೀರು, ಇನ್ನೊಂದು ಲೋಟದಲ್ಲಿ ಕರಗುವಷ್ಟೂ ಉಪ್ಪು ಹಾಕಿದ ನೀರು. ಚೂರು ಬರೀ ನೀರಿನಲ್ಲೇ ತೇಲಿದರೆ ಅದು ಪಾಲಿಥೀನೋ ಪಾಲಿಪ್ರೊಪಿಲೀನೋ ಇರಬೇಕು. ಯಾವ ಅಂಟಿಗೂ ಬಗ್ಗದ ಜಾತಿ, ಬಿಟ್ಟುಬಿಡಿ. ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲಿದರೆ ಪಾಲಿಸ್ಟೈರೀನ್ ಅಥವಾ ಎಬಿಎಸ್ ಆಗಿರುವ ಸಂಭವ ಹೆಚ್ಚು. ಪಾಲಿಸ್ಟೈರೀನಿನ ಸಾಂದ್ರತೆ ಸುಮಾರು 1.05, ತುಂಬಿದ ಉಪ್ಪುನೀರಿನದು ಸುಮಾರು 1.2. ಎರಡರಲ್ಲೂ ಮುಳುಗಿದರೆ ಪಿವಿಸಿಯೋ ಪೆಟ್ಟೋ ಅನ್ನಿ. ಆಮೇಲೆ ಒಂದು ಹನಿ ಅಂಟು ಬಿಟ್ಟು ಮೆತ್ತಗಾಗುತ್ತದೆಯೇ ಅಂತ ಉಗುರಲ್ಲಿ ಒತ್ತಿ ನೋಡಿದರೆ ಪರೀಕ್ಷೆ ಮುಗಿಯಿತು. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಕಲಿತದ್ದು ಇಷ್ಟು ನೇರವಾಗಿ ಕೆಲಸಕ್ಕೆ ಬಂದದ್ದು ನನಗಂತೂ ಬೇರೆಲ್ಲೂ ನೆನಪಿಲ್ಲ :-)

ಇಷ್ಟೆಲ್ಲ ಯಾಕೆ, ಕಿಟ್ ಕೊಂಡು ಅದರಲ್ಲಿ ಇದ್ದಂತೆ ಜೋಡಿಸಿದರೆ ಆಗದೇ ಅಂತ ಕೇಳಬಹುದು. ಆಗುತ್ತದೆ, ನಿಮಗೆ ಸ್ಪಿಟ್‌ಫೈರ್ ಬೇಕಿದ್ದರೆ. ನನಗೆ ಬೇಕಿರುವುದು ಮಾರುತ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ದಾಳಿ ಮಾಡಿದ ವಿಮಾನ. ಒಟ್ಟು ತಯಾರಾದದ್ದು 147. ಸ್ಪಿಟ್‌ಫೈರ್ 20 ಸಾವಿರಕ್ಕೂ ಹೆಚ್ಚು ತಯಾರಾಯಿತು, ಅದಕ್ಕೆ ಇರುವ ಕಿಟ್‌ಗಳಿಗೆ ಲೆಕ್ಕವಿಲ್ಲ. ಟಾಮಿಯಾ, ಏರ್‌ಫಿಕ್ಸ್, ರೆವೆಲ್‌ಗಳಲ್ಲಿ ಒಬ್ಬರೂ ಮಾರುತ್ ಮಾಡಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಅಚ್ಚಿನ ಖರ್ಚು ಹುಟ್ಟಬೇಕಲ್ಲ. ಆದರೆ ಅಂಗಡಿಯ ಸಾಮಾನನ್ನೇ ನಂಬಿ ಕೂತರೆ ನಾವು ಜೀವನವಿಡೀ ಬೇರೆಯವರ ವಿಮಾನಗಳನ್ನೇ ಕಟ್ಟುತ್ತಿರುತ್ತೇವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಮಾರುತ್ ನಿಂತಿದೆ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ಎಷ್ಟೋ ಜನ, ಮನೆಯ ಶೋಕೇಸಿನಲ್ಲಿ ಇಟ್ಟುಕೊಂಡವರು ಎಷ್ಟು ಜನ?

ಲೆಕ್ಕ ಹಾಕಿ ನೋಡಿ. ಉದ್ದ 15.87 ಮೀಟರ್, ರೆಕ್ಕೆಯ ಅಗಲ 9 ಮೀಟರ್. 1:72ರಲ್ಲಿ 220 ಮಿ.ಮೀ. ಮತ್ತು 125 ಮಿ.ಮೀ. ಒಡಲನ್ನು ಮರದಲ್ಲಿ ಕೆತ್ತುವುದೇ ಸುಲಭ. ಚನ್ನಪಟ್ಟಣದವರು ಬೊಂಬೆಗೆ ಬಳಸುವ ಆಲೆ ಮರದ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇಡ. ನಯವಾದ ಎಳೆ, ಉಳಿಗೆ ಬೆಣ್ಣೆಯ ಹಾಗೆ ಬಗ್ಗುತ್ತದೆ. ಮಾರುತ್‌ನ ನಡು ಸಣ್ಣ, ಲೋಹದಲ್ಲಿ ಕಷ್ಟಪಟ್ಟು ತಂದ ಆ ಬಾಗು ಮರದಲ್ಲಿ ತಾನಾಗಿ ಬರುತ್ತದೆ.

ಮೂತಿಯಲ್ಲಿ ನಾಲ್ಕು 30 ಮಿ.ಮೀ. ಏಡನ್ ಫಿರಂಗಿಗಳು. 30ನ್ನು 72ರಿಂದ ಭಾಗಿಸಿದರೆ 0.42 ಮಿ.ಮೀ. ಮೆಡಿಕಲ್ ಶಾಪಿನಲ್ಲಿ ಸಿಗುವ 22 ಗೇಜ್ ಇಂಜೆಕ್ಷನ್ ಸೂಜಿಯ (ಕಪ್ಪು ಬುಡದ್ದು) ಒಳವ್ಯಾಸ ಸುಮಾರು 0.41. ಬೇಕೆಂದೇ ಮಾಡಿದ ಹಾಗಿಲ್ಲವೇ? ಮಾಡೆಲಿಂಗ್ ಕಂಪನಿಗಳು ಕಡೆದ ಹಿತ್ತಾಳೆ ನಳಿಗೆಗೆ ನೂರಾರು ರೂಪಾಯಿ ಕೇಳುತ್ತವೆ. ನಾಲ್ಕು ಸೂಜಿಗೆ ಒಂದು ಮಸಾಲೆ ದೋಸೆಯಷ್ಟು ಖರ್ಚೂ ಇಲ್ಲ. ಹೊಸ ಸೂಜಿಯನ್ನೇ ಕೊಳ್ಳಿ, ಬಳಸಿದ್ದನ್ನು ಮುಟ್ಟಲೇಬೇಡಿ. ಕತ್ತರಿಸಿದ ಮೇಲೆ ಉಳಿದ ಮೊನೆಯನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ, ಕಸ ಎತ್ತುವವರ ಕೈಯಿದೆ ನೆನಪಿರಲಿ.

ಪೈಲಟ್ಟಿನ ತಲೆಯ ಮೇಲಿನ ಗಾಜಿನ ಗೂಡಿಗೆ ನೀರಿನ ಬಾಟಲಿ. ಪೆಟ್ ಬಾಟಲಿಯನ್ನು ಕಾರ್ಖಾನೆಯಲ್ಲಿ ಎಳೆದು ಉಬ್ಬಿಸಿರುತ್ತಾರೆ, ಆದ್ದರಿಂದ ಬಿಸಿ ತಾಗಿದರೆ ಅದು ಮತ್ತೆ ಕುಗ್ಗಲು ನೋಡುತ್ತದೆ. ಗೂಡಿನ ಆಕಾರದ ಮರದ ಅಚ್ಚನ್ನು ಬಾಟಲಿಯೊಳಗೆ ಬಿಗಿಯಾಗಿ ತುರುಕಿ ಹೀಟ್ ಗನ್ ಹಿಡಿದರೆ ಪ್ಲಾಸ್ಟಿಕ್ ಅಚ್ಚನ್ನು ಅಪ್ಪಿಕೊಳ್ಳುತ್ತದೆ. ಆಂಟೆನಾಗೆ ಕಿಟ್ಟಿನ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದರೆ ಕೂದಲೆಳೆ ಬರುತ್ತದೆ. ಆಫೀಸಿನಲ್ಲಿ ಎಸೆಯುವ ಲ್ಯಾನ್ ಕೇಬಲ್ಲಿನ ತಾಮ್ರದ ತಂತಿ ಅರ್ಧ ಮಿ.ಮೀ. ದಪ್ಪ. 1:72ಕ್ಕೆ ಅದು ದಪ್ಪವಾಯಿತು, 1:35ರ ಟ್ಯಾಂಕಿನ ಪೈಪಿಗೆ ಸರಿಹೋಗುತ್ತದೆ.

ಇದೇ ಉಸಿರಿನಲ್ಲಿ ಇನ್ನೊಂದು ಮಾತು. "ಜುಗಾಡ್" ಅಂತ ಎದೆ ತಟ್ಟಿಕೊಳ್ಳುವವರನ್ನು ಕಂಡರೂ ನನಗಾಗದು. ಪುಕ್ಕಟೆ ಸಿಕ್ಕಿದ್ದೆಲ್ಲ ಒಳ್ಳೆಯದಲ್ಲ. ಮೂತಿಗೆ ಭಾರ ತುಂಬದಿದ್ದರೆ ಎಷ್ಟೋ ವಿಮಾನದ ಮಾಡೆಲ್‌ಗಳು ಬಾಲದ ಮೇಲೆ ಕೂರುತ್ತವೆ, ಅದಕ್ಕೆ ಟೈರ್ ಅಂಗಡಿಯ ಹಳೆಯ ಸೀಸದ ಚೂರನ್ನು ಬಿಳಿ ಫೆವಿಕಾಲಿನಲ್ಲಿ ಅಂಟಿಸುವವರಿದ್ದಾರೆ. ಆ ಅಂಟಿನ ಆಮ್ಲಾಂಶದ ಜೊತೆ ಸೀಸ ಪ್ರತಿಕ್ರಿಯಿಸಿ, ವರ್ಷಗಳಲ್ಲಿ ಬಿಳಿ ಪುಡಿಯಾಗಿ ಉಬ್ಬಿ, ಮಾಡೆಲ್ಲನ್ನು ಒಳಗಿನಿಂದ ಒಡೆಯುತ್ತದೆ. ಸೀಸ ವಿಷ ಅನ್ನುವುದು ಬೇರೆ. ಸೈಕಲ್ ಶಾಪಿನ ಬೇರಿಂಗ್ ಗುಂಡುಗಳನ್ನು ಎಪಾಕ್ಸಿಯಲ್ಲಿ ಕೂರಿಸಿ, ನೂರು ವರ್ಷ ಇರಲಿ. ತಾಮ್ರ ತೆಗೆಯಲು ವೈರು ಸುಡುವುದೂ ಬೇಡ. ಪಿವಿಸಿ ಸುಟ್ಟರೆ ಬರುವುದು ಹೈಡ್ರೋಜನ್ ಕ್ಲೋರೈಡ್, ಅಗರಬತ್ತಿಯ ಹೊಗೆಯಲ್ಲ. ಬ್ಲೇಡಿನಲ್ಲಿ ಸುಲಿಯಿರಿ.

ದುಡ್ಡು ಖರ್ಚು ಮಾಡಬೇಕಾದ ಕಡೆ ಮಾಡಲೇಬೇಕು. ಅಂಟು ಒಳ್ಳೆಯದನ್ನೇ ಕೊಳ್ಳಿ. ಟಾಮಿಯಾದ ತೆಳು ಅಂಟು ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟಿನ ಮಿಶ್ರಣ, ಮನೆಯಲ್ಲಿ ಬೆರೆಸಬಹುದು ಅಂತ ಹೇಳುವವರಿದ್ದಾರೆ. ಚಿಕ್ಕ ಮನೆಯಲ್ಲಿ ಲೀಟರುಗಟ್ಟಲೆ ಅಸಿಟೋನ್ ಇಟ್ಟುಕೊಳ್ಳುವುದಕ್ಕಿಂತ ಒಂದು ಪುಟ್ಟ ಬಾಟಲಿ ತಂದಿಟ್ಟುಕೊಳ್ಳುವುದೇ ಜಾಣತನ. ಬಣ್ಣವೂ ಅಷ್ಟೇ. ಬಟ್ಟೆ, ಮಡಕೆಗೆ ಹಚ್ಚುವ ಅಕ್ರಿಲಿಕ್ ನೆಲ, ಕಲ್ಲು, ಮರಗಳಿಗೆ ಚೆನ್ನಾಗಿ ಒಪ್ಪುತ್ತದೆ. ವಿಮಾನದ ಮೈಗೆ ಹಚ್ಚಿದರೆ ತಗಡಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಸ್ಪ್ರೇ ಮಾಡುವವರು ಬಟ್ಟೆಯ ಮಾಸ್ಕ್ ನಂಬಬೇಡಿ, ಅದು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ನನ್ನ ಹಾಸನದ ಹುಡುಗನ ಪಟ್ಟಿಯಲ್ಲಿ ಮೂರು ಥರದ ಪುಟ್ಟಿ ಇತ್ತು, ಮಾಸ್ಕ್ ಇರಲಿಲ್ಲ!

ಹೀಗೆ ಹೆಕ್ಕಿ ತಂದು ಮಾಡುವುದು ಕೀಳು ಅನ್ನುವವರಿಗೆ ಒಂದು ಉದಾಹರಣೆ. 1977ರ ಸ್ಟಾರ್ ವಾರ್ಸ್ ಸಿನಿಮಾದ ಮಿಲೇನಿಯಂ ಫಾಲ್ಕನ್ ನೌಕೆ ನೋಡಿದ್ದೀರಲ್ಲ? ಅದರ ಮೈಮೇಲಿನ ಆ ಯಂತ್ರದಂಥ ಚೂರುಗಳೆಲ್ಲ ಅಂಗಡಿಯಲ್ಲಿ ಸಿಗುವ ಟ್ಯಾಂಕು, ಕಾರು, ವಿಮಾನದ ಕಿಟ್ಟುಗಳಿಂದ ಕಿತ್ತು ಅಂಟಿಸಿದವು. ಅದನ್ನು ಯಾರೂ ಗುಜರಿ ಅನ್ನಲಿಲ್ಲ.

ಸದ್ಯಕ್ಕೆ ನನ್ನ ಮಾರುತ್‌ಗೆ ಒಡಲು, ರೆಕ್ಕೆ, ಗಾಜಿನ ಗೂಡು ಆಗಿದೆ. ಚಕ್ರಗಳು ಬಾಕಿ. ಹಳೆಯ ಇಂಕ್‌ಜೆಟ್ ಪ್ರಿಂಟರಿನೊಳಗೆ ಕಾಗದ ತಳ್ಳುವ ಪುಟ್ಟ ರಬ್ಬರ್ ರೋಲರುಗಳಿರುತ್ತವೆ, ಅವುಗಳ ಮೇಲೆ ಕಣ್ಣಿದೆ. ಬೆಂಗಳೂರಿನಲ್ಲಿ ಯಾರ ಮನೆಯಲ್ಲಾದರೂ ಕೆಟ್ಟ ಪ್ರಿಂಟರ್ ಅಟ್ಟದ ಮೇಲೆ ಕೂತಿದ್ದರೆ ಗುಜರಿಗೆ ಹಾಕುವ ಮೊದಲು ನನಗೊಂದು ಮಾತು ಹೇಳಿ, ಬಂದು ಎತ್ತಿಕೊಂಡು ಹೋಗುತ್ತೇನೆ. ಕಾಫಿ ಕೊಟ್ಟರೆ ಬೇಡ ಅನ್ನುವುದಿಲ್ಲ :-)