ಹಾರ್ನಿನ ಬಾಯಿ ಯಾರ ಕಡೆಗೆ?

ಭಾನುವಾರದ ಬಲಿಪೂಜೆ ಮುಗಿದು ಹೊರಬಂದರೆ ದೇವಾಲಯದ ಅಂಗಳದಲ್ಲಿ ಹೂಮಾಲೆ ತೊಟ್ಟ ಹೊಸ ಬೈಕೋ ಟ್ರ್ಯಾಕ್ಟರೋ ನಮಗಾಗಿ ಕಾಯುತ್ತಿರುವುದು ಅಪರೂಪವೇನಲ್ಲ. ಪವಿತ್ರ ಜಲವನ್ನು ಪ್ರೋಕ್ಷಿಸಿ, ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಮಧ್ಯಸ್ಥಿಕೆಯನ್ನು ಕೋರಿ, ಸವಾರರಿಗೂ ದಾರಿಯಲ್ಲಿ ಅವರಿಗೆ ಎದುರಾಗುವವರಿಗೂ ಒಳಿತಾಗಲೆಂದು ಪ್ರಾರ್ಥಿಸುತ್ತೇವೆ. ದಾರಿಯಲ್ಲಿ ಎದುರಾಗುವವರ ಮಾತನ್ನು ಎಷ್ಟು ಜನ ಕಿವಿಗೊಟ್ಟು ಕೇಳುತ್ತಾರೋ ತಿಳಿಯದು. ನಾವೇ ಆಶೀರ್ವದಿಸಿದ ಒಂದು ಬೈಕಿನ ವಿಷಯವಾಗಿ ಈ ವಾರ ಬರೆಯಬೇಕಾಗಿ ಬಂದಿದೆ.

ಆ ಬೈಕು ಮೆಟ್ರಿ ಗ್ರಾಮದ ಒಂದು ಕುಟುಂಬಕ್ಕೆ ಸೇರಿದ್ದು. ಮನೆಯ ಹಿರಿಯ ಮಗ ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸಕ್ಕೆ ದಿನವೂ ಹೋಗಿಬರುವವನು. ಬೈಕು ಕೊಂಡ ಕೆಲವೇ ತಿಂಗಳಲ್ಲಿ ಅದರ ಕಂಪನಿ ಹಾರ್ನನ್ನು ಬಿಚ್ಚಿಸಿ, ಲಾರಿಗಳಲ್ಲಿ ಕೇಳಿಬರುವಂತಹ ಹಲವು ಸ್ವರದ ಜೋರು ಹಾರ್ನನ್ನು ಹಾಕಿಸಿದ. ಒಂದು ಸಂಜೆ ಹೊಲದಿಂದ ಮರಳುತ್ತಿದ್ದ ಎತ್ತಿನ ಗಾಡಿಯ ಬೆನ್ನಿಗೇ ಬಂದು ಅದನ್ನು ಒತ್ತಿದ. ಎತ್ತುಗಳು ಬೆದರಿದವು. ಗಾಲಿ ರಸ್ತೆಯ ಬದಿಯ ತಗ್ಗಿಗೆ ಇಳಿಯಿತು. ಮೂಕಿಯ ಮೇಲೆ ಕುಳಿತಿದ್ದ ವೃದ್ಧರು ಬಿದ್ದು ಮುಂಗೈ ಮುರಿದುಕೊಂಡರು. ಹುಡುಗ ಓಡಿಹೋಗಲಿಲ್ಲ; ಅವರನ್ನು ಕಂಪ್ಲಿಗೆ ಕರೆದೊಯ್ದು ಕಟ್ಟು ಹಾಕಿಸಿ, ರಾತ್ರಿ ಮನೆಗೆ ಮುಟ್ಟಿಸಿ ಬಂದ. ಆತ ಕೆಟ್ಟವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮರುವಾರ ಅವರ ಮನೆಗೆ ಹೋದಾಗ, ಈ ಹಾರ್ನು ಏತಕ್ಕಪ್ಪಾ ಎಂದು ಕೇಳಿದೆವು. "ಕಂಪನಿ ಹಾರ್ನ್ ಲಾರಿಯವ್ರಿಗೆ ಕೇಳ್ಸಂಗಿಲ್ರಿ ಫಾದರ್" ಎಂದ. ಒಲೆಯ ಮುಂದಿದ್ದ ತಾಯಿ ಎದ್ದುಬಂದು, "ಅವನಿಗೆ ಬೈಬ್ಯಾಡ್ರಿ, ನಾನೇ ಹಾಕ್ಸ್ಕೊ ಅಂದು ಸಂಘದ ದುಡ್ಡು ಕೊಟ್ಟೆ. ಕತ್ಲಾಗ ಬರ್ತಾನ, ಬರೋತನ ಜೀವ ಹೊಡ್ಕೊಂತದ" ಎಂದರು. ಉಪದೇಶವೊಂದನ್ನು ಸಿದ್ಧಮಾಡಿಕೊಂಡು ಹೋಗಿದ್ದ ನಮಗೆ ಆ ಕ್ಷಣ ಮಾತು ಹೊರಡಲಿಲ್ಲ.

ಜೋರು ಹಾರ್ನೆಂದರೆ ಹುಡುಗಾಟ, ಆಡಂಬರ ಎಂದೇ ನಾವು ಭಾವಿಸಿದ್ದೆವು. ಎಷ್ಟೋ ಕಡೆ ಅದು ಅಷ್ಟೇ. ಆದರೆ ನಮ್ಮ ಸೀಮೆಯ ರಸ್ತೆಗಳನ್ನು ಬಲ್ಲವರು ಈ ತಾಯಿಯ ಭಯವನ್ನು ಹಗುರವಾಗಿ ಕಾಣಲಾರರು. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಂದಿನ ಅಖಂಡ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಸಂಡೂರು, ಹೊಸಪೇಟೆ, ತೋರಣಗಲ್ಲುಗಳ ನಡುವೆ ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ್ದನ್ನು ಯಾರು ಮರೆತಾರು? ಗಣಿಗಾರಿಕೆ ಮುಂದೆ ನಿಯಮಗಳಿಗೆ ಒಳಪಟ್ಟು ಪುನಃ ಆರಂಭವಾಯಿತು, ಲಾರಿಗಳೂ ಮರಳಿದವು. ಕಂಪ್ಲಿಯ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಎಂಜಿನ್ನಿನ ಸದ್ದು, ಅದರ ಮೇಲೆ ಹಾಡು. ಪಕ್ಕದಲ್ಲಿ ಸಾಗುವ ಬೈಕಿನ ಕ್ಷೀಣ ಧ್ವನಿ ಅಲ್ಲಿಗೆ ಮುಟ್ಟದಿರುವುದು ನಿಜವೇ. ಕೇಳಿಸಿಕೊಳ್ಳಬೇಕೆಂಬ ಬಯಕೆ ಪಾಪವಲ್ಲ.

ಹಾಗಾದರೆ ತಪ್ಪಿರುವುದೆಲ್ಲಿ?

ಸೆಮಿನರಿಯಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯನ್ನು ಕುರಿತು ವಿಚಾರಮಾಡುವಾಗ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತಾರೆ. ತನ್ನ ಪ್ರಾಣವನ್ನು ಕಾಪಾಡಿಕೊಳ್ಳುವುದು ಸ್ವಭಾವಸಿದ್ಧವಾದದ್ದು, ಅದರಲ್ಲಿ ದೋಷವಿಲ್ಲ. ಆದರೆ ಕಾಪಾಡಿಕೊಳ್ಳಲು ಎಷ್ಟು ಬಲ ಬೇಕೋ ಅದಕ್ಕಿಂತ ಹೆಚ್ಚಿನದನ್ನು ಪ್ರಯೋಗಿಸಿದರೆ, ಉದ್ದೇಶ ಒಳ್ಳೆಯದಾಗಿದ್ದರೂ ಕ್ರಿಯೆ ನ್ಯಾಯದ ಎಲ್ಲೆಯನ್ನು ಮೀರುತ್ತದೆ. ಹದಿಮೂರನೆಯ ಶತಮಾನದ ಆ ಮಹಾಪಂಡಿತರು ಮೋಟಾರು ವಾಹನವನ್ನು ಕಂಡವರಲ್ಲ. ಆದರೂ ಮೆಟ್ರಿಯ ರಸ್ತೆಗೆ ಅವರ ಮಾತು ಚೆನ್ನಾಗಿ ಹೊಂದುತ್ತದೆ. ಲಾರಿಯವನಿಗೆ ಕೇಳಿಸಲೆಂದು ಕಟ್ಟಿಕೊಂಡ ಬಲ ಗಾಡಿಯ ಮುದುಕರ ಮೇಲೆ ಬಿತ್ತು. ಲಾರಿಗೊಂದು, ಎತ್ತಿಗೊಂದು, ತೊಟ್ಟಿಲ ಕೂಸಿಗೊಂದು ಎಂದು ಹಾರ್ನು ತನ್ನ ಧ್ವನಿಯನ್ನು ಬದಲಿಸಿಕೊಳ್ಳಲಾರದು.

ಅಗತ್ಯವಾದ ಬಲ ಎಷ್ಟೆಂಬುದನ್ನು ಪ್ರತಿಯೊಬ್ಬರ ಮನಸ್ಸಿಗೆ ಬಿಟ್ಟಿಲ್ಲ. ನಮ್ಮ ದೇಶದಲ್ಲಿ ಹಾರ್ನಿನ ಧ್ವನಿಗೆ ನಿಗದಿಯಾದ ಮಿತಿ 93ರಿಂದ 112 ಡೆಸಿಬಲ್. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 119ನೆಯ ನಿಯಮವು ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನನ್ನೂ, ಮಿತಿಮೀರಿ ಕರ್ಕಶವಾದ, ಜನರನ್ನು ಬೆಚ್ಚಿಬೀಳಿಸುವ ಸಾಧನವನ್ನೂ ಸಾಮಾನ್ಯ ವಾಹನಗಳಿಗೆ ನಿಷೇಧಿಸಿದೆ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ವಾಹನಗಳಿಗಷ್ಟೇ ವಿನಾಯಿತಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನಗತ್ಯವಾಗಿ ಹಾರ್ನ್ ಮಾಡಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡ. ಶಬ್ದನಿಯಂತ್ರಣದ ಮಾನದಂಡವನ್ನು ಮೀರಿದ ವಾಹನವನ್ನು ಓಡಿಸಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ತಾಯಿಗೆ ಇದನ್ನು ಹೇಳಿದಾಗ ಅವರು ಬೆಚ್ಚಿದ್ದು ಸೆರೆಯ ಮಾತಿಗಲ್ಲ, ಹತ್ತು ಸಾವಿರಕ್ಕೆ.

ಡೆಸಿಬಲ್ಲಿನ ಲೆಕ್ಕವೂ ನಮ್ಮ ನಿತ್ಯದ ಲೆಕ್ಕದಂತಲ್ಲ. ಅದು ಹತ್ತು ಏರಿತೆಂದರೆ ಧ್ವನಿಯ ತೀವ್ರತೆ ಹತ್ತು ಪಟ್ಟಾಯಿತು. ಇಪ್ಪತ್ತು ಏರಿದರೆ ನೂರು ಪಟ್ಟು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಕಡಿಮೆಯಾಗುವುದು ಆರೇ ಡೆಸಿಬಲ್. ಎರಡು ಮೀಟರ್ ಮುಂದೆ 110 ಇರುವ ಸದ್ದು ಅರುವತ್ತನಾಲ್ಕು ಮೀಟರ್ ಆಚೆಗೂ 80ರಷ್ಟು ಉಳಿದಿರುತ್ತದೆ. ವಸತಿ ಪ್ರದೇಶದಲ್ಲಿ ಒಟ್ಟಾರೆ ಶಬ್ದ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಮುಖ್ಯವಾದ ಸಂಗತಿ ಇನ್ನೊಂದಿದೆ: ಹಾರ್ನಿನ ಬಾಯಿ ಇರುವುದು ಮುಂದಕ್ಕೆ. ಹಾಕಿಸಿಕೊಂಡವನು ಅದರ ಹಿಂದೆ ಕುಳಿತಿರುತ್ತಾನೆ. ತನ್ನ ಹಾರ್ನನ್ನು ಎಲ್ಲರಿಗಿಂತ ಕಡಿಮೆ ಅನುಭವಿಸುವವನು ಅವನೇ.

ನಮ್ಮ ಆಡುಮಾತೂ ಇದನ್ನು ಬಲ್ಲದು. ಶಂಖವನ್ನು ಊದುತ್ತೇವೆ, ಹಾರ್ನನ್ನು 'ಹೊಡೆಯುತ್ತೇವೆ'. ಗಂಟೆಯನ್ನೂ ಹೊಡೆಯುತ್ತೇವಲ್ಲ ಎಂದು ಓದುಗರು ಆಕ್ಷೇಪಿಸಬಹುದು. ಹೌದು, ಆದರೆ ಅಲ್ಲಿ ಏಟು ತಿನ್ನುವುದು ಗಂಟೆ. ಇಲ್ಲಿ ಏಟು ಬೀಳುವುದು ಎದುರಿಗಿರುವವನ ಕಿವಿಗೆ.

ಇದರ ಚರಿತ್ರೆಯಲ್ಲೊಂದು ವಿನೋದವಿದೆ. 'ಕ್ಲಾಕ್ಸನ್' ಎಂಬ ಹೆಸರಿನಿಂದ 1908ರಲ್ಲಿ ಮಾರುಕಟ್ಟೆಗೆ ಬಂದ ಆ ಪ್ರಸಿದ್ಧ ಕರ್ಕಶ ಹಾರ್ನನ್ನು ರೂಪಿಸಿದವರು ಅಮೆರಿಕದ ಮಿಲ್ಲರ್ ರೀಸ್ ಹಚಿಸನ್. ಅದಕ್ಕೂ ಮುನ್ನ ಕಿವುಡರಿಗಾಗಿ ವಿದ್ಯುತ್ ಶ್ರವಣಸಾಧನವನ್ನು ನಿರ್ಮಿಸಿ ಹೆಸರು ಪಡೆದವರೂ ಅವರೇ. ಮೊದಲು ಮದ್ದು, ಆಮೇಲೆ ರೋಗ!

ವಿನೋದ ಹಾಗಿರಲಿ. ಒಬ್ಬ ಜೋರು ಹಾರ್ನ್ ಹಾಕಿಸಿದನೆಂದು ಇನ್ನೊಬ್ಬ ಅದಕ್ಕಿಂತ ಜೋರಿನದನ್ನು ಹಾಕಿಸಿದರೆ ಕೊನೆಗೆ ಇಬ್ಬರೂ ಮೊದಲಿದ್ದ ಸ್ಥಿತಿಯಲ್ಲೇ ಉಳಿಯುತ್ತಾರೆ. ರಸ್ತೆಯ ಸದ್ದು ಮಾತ್ರ ಹೆಚ್ಚಿರುತ್ತದೆ. ಪ್ರತಿಯೊಂದು ಬೈಕೂ ಸೈರನ್ನಿನಂತೆ ಕೂಗತೊಡಗಿದಾಗ, ಹೆರಿಗೆ ನೋವಿನ ಹೆಣ್ಣುಮಗಳನ್ನು ಹೊತ್ತು ಹೊಸಪೇಟೆಯತ್ತ ಧಾವಿಸುವ ಆಂಬುಲೆನ್ಸಿಗೆ ದಾರಿ ಬಿಡುವವರು ಯಾರು? ಅದರ ಕೂಗನ್ನು ನಾವೇ ಕದ್ದು ಸಾಮಾನ್ಯದ ಸದ್ದನ್ನಾಗಿ ಮಾಡಿರುತ್ತೇವೆ.

2025ರ ಜನವರಿಯಲ್ಲಿ ಶಿವಮೊಗ್ಗದ ಸಂಚಾರಿ ಪೊಲೀಸ್ ಅಧಿಕಾರಿಯೊಬ್ಬರು ಕರ್ಕಶ ಹಾರ್ನ್ ಅಳವಡಿಸಿದ್ದ ಬಸ್ಸಿನ ಚಾಲಕರನ್ನು ಕೆಳಗಿಳಿಸಿ, ಅವರ ವಾಹನದ ಮುಂದೆಯೇ ಕೂರಿಸಿ, ಅದೇ ಹಾರ್ನನ್ನು ಅವರಿಗೆ ಕೇಳಿಸಿದ ದೃಶ್ಯ ಎಲ್ಲರ ಮೊಬೈಲುಗಳಲ್ಲೂ ಹರಿದಾಡಿತು. ನೋಡಿ ನಕ್ಕವರು ಬಹಳ. ಸುಳ್ಳೇಕೆ, ನಾವೂ ನಕ್ಕೆವು. ಆಮೇಲೆ ಯೋಚಿಸಿದಾಗ ಮನಸ್ಸು ಅಷ್ಟು ಸಲೀಸಾಗಿ ಒಪ್ಪಲಿಲ್ಲ. ನಾಲ್ಕು ಜನರ ಎದುರು ದುಡಿಯುವ ಮನುಷ್ಯನೊಬ್ಬನನ್ನು ನಾಚಿಸುವುದು ಕಾನೂನು ಹೇಳಿದ ಶಿಕ್ಷೆಯಲ್ಲ. ಹಾರ್ನ್ ಹಾಕಿಸಿದವರು ಮಾಲೀಕರೋ ಚಾಲಕನೋ ಎಂಬುದೂ ದೃಶ್ಯದಲ್ಲಿ ಕಾಣುವುದಿಲ್ಲ. ಆದರೆ ಅದರೊಳಗಿನ ಪಾಠ ನಮ್ಮ ಪ್ರಭು ಬೆಟ್ಟದ ಮೇಲೆ ಬೋಧಿಸಿದ್ದೇ ಆಗಿದೆ: ಇತರರಿಂದ ನಾವು ಏನನ್ನು ಬಯಸುತ್ತೇವೋ ಅದನ್ನೇ ಅವರಿಗೆ ಮಾಡುವುದು. ಹಾರ್ನಿನ ಮುಂದೆ ಹೋಗಿ ನಿಲ್ಲುವುದು ಎಂದರೆ ಅದೇ. ಬಲವಂತವಾಗಿ ನಿಲ್ಲಿಸಿದರೆ ಅವಮಾನ. ತಾನಾಗಿ ನಿಂತರೆ ಆತ್ಮಶೋಧನೆ.

ಮದ್ಯಪಾನದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ಅನ್ಯರ ಸುರಕ್ಷತೆಗೆ ಸಂಚಕಾರ ತರುವುದನ್ನು ಧರ್ಮಸಭೆಯ ಧರ್ಮೋಪದೇಶವು ಐದನೆಯ ಆಜ್ಞೆಯ ಅಡಿಯಲ್ಲೇ ಇರಿಸಿ, ಗಂಭೀರ ಅಪರಾಧವೆಂದು ಎಣಿಸಿದೆ. 2007ರ ಜೂನ್ ತಿಂಗಳಲ್ಲಿ ವ್ಯಾಟಿಕನ್ ರಸ್ತೆಯ ಪಾಲನಾ ಸೇವೆಯನ್ನು ಕುರಿತು ಮಾರ್ಗದರ್ಶಿಯೊಂದನ್ನು ಹೊರಡಿಸಿ, ಚಾಲಕರಿಗೆಂದೇ ಹತ್ತು ಆಜ್ಞೆಗಳನ್ನು ನೀಡಿತು. ವಾಹನವು ಅಧಿಕಾರ ಚಲಾಯಿಸುವ ಸಾಧನವಾಗಬಾರದೆಂಬುದು ಅವುಗಳಲ್ಲೊಂದು. ಇದನ್ನು ಬರೆಯುವಾಗ ನಮ್ಮ ಕೈ ತುಸು ತಡೆಯುತ್ತದೆ. ಹಬ್ಬದ ನವದಿನಗಳಲ್ಲಿ ನಮ್ಮದೇ ದೇವಾಲಯದ ಧ್ವನಿವರ್ಧಕದ ಬಾಯಿಯೂ ಊರಿನ ಕಡೆಗೇ ತಿರುಗಿರುತ್ತದೆ. ಪಕ್ಕದ ಓಣಿಯ ಪರೀಕ್ಷೆಯ ಮಕ್ಕಳ ಬಗ್ಗೆ ನಾವು ಎಂದಾದರೂ ವಿಚಾರಿಸಿದ್ದುಂಟೇ? ಈ ವರ್ಷ ಅದನ್ನು ಅಂಗಳದ ಒಳಮುಖಕ್ಕೆ ತಿರುಗಿಸಿದ್ದೇವೆ.

ಇನ್ನು ಆ ತಾಯಿಯ ಭಯಕ್ಕೆ ಉತ್ತರ. ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆದು ಬೈಕನ್ನು ತೋರಿಸಿದೆವು. ಹಳೆಯ ಹಾರ್ನ್ ಕೆಟ್ಟಿರಲೇ ಇಲ್ಲ ಎಂದರು ಅವರು. ಅರ್ಥಿಂಗ್ ತಂತಿಯ ತುದಿಗೆ ತುಕ್ಕು ಹಿಡಿದಿತ್ತು, ಬ್ಯಾಟರಿ ಸೊರಗಿತ್ತು, ಹಾರ್ನಿನ ಹಿಂಬದಿಯ ತಿರುಪು ಸಡಿಲಾಗಿತ್ತು. ಜೋಡಿ ಹಾರ್ನು ಒಮ್ಮೆಗೇ ಹತ್ತು ಆಂಪಿಯರ್‌ವರೆಗೆ ವಿದ್ಯುತ್ತನ್ನು ಎಳೆಯಬಲ್ಲದು; ಸಣ್ಣ ಬೈಕಿನ ತೆಳು ತಂತಿಗೂ ಬಟನ್ನಿಗೂ ಅದು ಭಾರ. ರಿಲೇ, ಫ್ಯೂಸುಗಳಿಲ್ಲದೆ ಕೂಡಿಸಿದರೆ ಬಟನ್ ಸುಡುತ್ತದೆ, ತಂತಿ ಕರಗುತ್ತದೆ. ಬೇಕಾದ ಗಳಿಗೆಯಲ್ಲಿ ಯಾವ ಹಾರ್ನೂ ಕೂಗುವುದಿಲ್ಲ. ತುಕ್ಕು ಉಜ್ಜಿ, ತಿರುಪು ಬಿಗಿಮಾಡಿ, ಬ್ಯಾಟರಿಗೆ ಚಾರ್ಜು ಹಾಕಿದ ಮೇಲೆ ಕಂಪನಿ ಹಾರ್ನು ಓಣಿಯ ಕೊನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು. ನಿಜಕ್ಕೂ ಕೆಟ್ಟುಹೋಗಿದ್ದರೆ ಮಿತಿಯೊಳಗಿನ, ಒಂದೇ ಸ್ವರದ ಒಳ್ಳೆಯ ಹಾರ್ನನ್ನು ಹಾಕಿಸುವುದರಲ್ಲಿ ತಪ್ಪೇನೂ ಇಲ್ಲ, ಅದು ವಿವೇಕವೇ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುತ್ತಿಲ್ಲವೆಂದು ತಿಳಿ, ಅಲ್ಲಿ ಹಾರ್ನ್ ಹೊಡೆಯುತ್ತ ನಿಲ್ಲದೆ ಹಿಂದಕ್ಕೆ ಸರಿ ಎಂದು ಅದೇ ಎಲೆಕ್ಟ್ರಿಷಿಯನ್ನರು ಹುಡುಗನಿಗೆ ಹೇಳಿದರು. ಲಾರಿ ಓಡಿಸಿದ ಅನುಭವ ಅವರದು.

ಹುಡುಗ ಬಿಚ್ಚಿದ ಹಾರ್ನನ್ನು ಮಾರಿ, ಬಂದ ಹಣವನ್ನು ಗಾಡಿಯ ಹಿರಿಯರ ಔಷಧಿಗೆಂದು ಕೊಡಲು ಹೋದ. ಅವರು ತೆಗೆದುಕೊಳ್ಳಲಿಲ್ಲ, ಕಟ್ಟು ಬಿಚ್ಚುವವರೆಗೆ ಎತ್ತುಗಳಿಗೆ ಮೇವು ಹಾಕಿ ಹೋಗು ಎಂದರಂತೆ. ದಿನವೂ ಹೋಗುತ್ತಿದ್ದಾನೆ.

ಬರುವ ಜುಲೈ 25 ಸಂತ ಕ್ರಿಸ್ಟೋಫರರ ಸ್ಮರಣೆಯ ದಿನ. ಅಂದು ಸಂಜೆಯ ಬಲಿಪೂಜೆಯ ನಂತರ ನಮ್ಮ ದೇವಾಲಯದ ಅಂಗಳದಲ್ಲಿ ವಾಹನಗಳ ಆಶೀರ್ವಾದವಿರುತ್ತದೆ. ಎಲೆಕ್ಟ್ರಿಷಿಯನ್ನರೂ ತಮ್ಮ ಸಾಮಾನಿನೊಂದಿಗೆ ಬರಲು ಒಪ್ಪಿದ್ದಾರೆ. ಪವಿತ್ರ ಜಲಕ್ಕೆ ಮುನ್ನ ಪ್ರತಿಯೊಂದು ವಾಹನದ ಹಾರ್ನನ್ನೂ ಒಮ್ಮೆ ಒತ್ತಿ ನೋಡಲಾಗುವುದು. ಒತ್ತುವವರು ನಾವು. ಮಾಲೀಕರು ದಯವಿಟ್ಟು ವಾಹನದ ಮುಂಭಾಗದಲ್ಲಿ, ಎರಡು ಮೀಟರ್ ಅಂತರದಲ್ಲಿ, ಮನೆಯ ಮಕ್ಕಳನ್ನು ದೂರ ಕಳಿಸಿ ನಿಂತಿರಬೇಕು.